ಇನ್ನೂ ವಾಸನೆ ಇದೆ

ಲೈಲ್ ವೊಯ್ತಾಸ್‌ಗೆ ಮೂಗಿರಲಿಲ್ಲ. ಮುಖದ ಮೇಲೆ ಇತ್ತು, ಸಾಕಷ್ಟು ದೊಡ್ಡದೇ ಇತ್ತು. ಆದರೆ ಅಮೆರಿಕದ ಸ್ಯಾಗಿನಾ ಊರಿನ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಕಾರುಗಳಿಗೆ ಬಣ್ಣ ಹೊಡೆದ ಮೇಲೆ ಅದಕ್ಕೆ ಕಾಫಿಯೂ ಒಂದೇ, ಸೀಮೆಎಣ್ಣೆಯೂ ಒಂದೇ ಆಗಿತ್ತು.

ನಿವೃತ್ತನಾದ ಮೇಲೂ ಅವನು ಬಣ್ಣ ಬಿಡಲಿಲ್ಲ, ಕಾರುಗಳನ್ನು ಚಿಕ್ಕದು ಮಾಡಿಕೊಂಡ, ಅಷ್ಟೇ. ಮನೆಯ ನೆಲಮಾಳಿಗೆಯಲ್ಲಿ ಕೂತು ಅಂಗೈಯಗಲದ ಪ್ಲಾಸ್ಟಿಕ್ ಕಾರುಗಳನ್ನು ಜೋಡಿಸಿ, ಪೆನ್ನಿನಂತೆ ಹಿಡಿಯುವ ಏರ್‌ಬ್ರಷ್‌ನಿಂದ ಬಣ್ಣ ಊದುತ್ತಿದ್ದ. ಮಾದರಿ ಕಟ್ಟುವವರ ಕ್ಲಬ್ಬಿನಲ್ಲಿ ಬೇರೆಯವರ ಕಾರುಗಳ ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿ, ದೀಪದ ಪ್ರತಿಬಿಂಬ ಒಡೆದು ಕಾಣುತ್ತಿತ್ತು. ಲೈಲ್‌ನ ಕಾರಿನಲ್ಲಿ ಟ್ಯೂಬ್‌ಲೈಟಿನ ಎರಡು ಅಂಚೂ ಗೆರೆ ಎಳೆದಂತೆ ಕೂರುತ್ತಿದ್ದವು.

"ಕೊನೇ ಪದರ ಹೊಡೀವಾಗ ಹೆದರ್ಬಾರ್ದು ಕಣ್ರೋ," ಎನ್ನುತ್ತಿದ್ದ. "ಒದ್ದೊದ್ದೆಯಾಗೇ ಕೂರ್ಬೇಕು. ಇನ್ನೊಂಚೂರು ಬಿದ್ರೆ ಹರಿದುಹೋಗುತ್ತೆ ಅನ್ನೋವಾಗ ಕೈ ತೆಗೀಬೇಕು."

ಪಾರದರ್ಶಕವಾದ ಆ ಕೊನೆಯ ಪದರಕ್ಕೆ ಮುಂಚೆ ಕೆಳಗಿನ ಬಣ್ಣ ಪೂರ್ತಿ ಆರಿರಬೇಕು. ಅದು ಮುಟ್ಟಿದರೆ ತಿಳಿಯುವುದಿಲ್ಲ; ಮೂಸಿ ನೋಡಬೇಕು. ಚೂರು ವಾಸನೆಯಿದ್ದರೂ ಒಳಗೆ ಹಸಿ ಇದೆಯೆಂದೇ ಅರ್ಥ. ಅಂಥದ್ದರ ಮೇಲೆ ಹೊಳಪು ಬಳಿದರೆ ತಿಂಗಳೊಳಗೆ ಬಿರುಕು ಬಿಡುತ್ತದೆ. ಲೈಲ್‌ನಿಂದ ಆಗದಿದ್ದದ್ದು ಇದೊಂದೇ. ಅದಕ್ಕೇ ಹದಿನಾಲ್ಕು ವರ್ಷದಿಂದ ಪ್ರತಿ ಬುಧವಾರ ಅವನ ಗೆಳೆಯ ನಾರ್ಬರ್ಟ್ ಟೀಸ್ ಬರುತ್ತಿದ್ದ. ಅವನೂ ಕ್ಲಬ್ಬಿನವನೇ, ಮೊದಲು ಶಾಲೆಯ ಬಸ್ಸು ಓಡಿಸುತ್ತಿದ್ದವನು.

"ಲೊರೆಟ್ಟಾ, ಮೂಗಣ್ಣ ಬಂದ ನೋಡು," ಎಂದು ಲೈಲ್ ಹೆಂಡತಿಗೆ ಕೂಗಿ ಹೇಳುತ್ತಿದ್ದ. "ಕಾಫಿ ಕೊಡು. ಇವನ ಕೈಯಂತೂ ಪ್ರಯೋಜನಕ್ಕೆ ಬರಲ್ಲ, ಮೂಗನ್ನಾದ್ರೂ ಸಾಕೋಣ."

"ನಿನ್ನ ಕೈ, ನನ್ನ ಮೂಗು ಎರಡೂ ಸೇರ್ಸಿದ್ರೂ ಒಬ್ಬ ನೆಟ್ಟಗಿರೋ ಮನುಷ್ಯ ಆಗಲ್ಲ ಬಿಡು," ಎನ್ನುತ್ತಿದ್ದ ನಾರ್ಬರ್ಟ್.

ಆ ವರ್ಷ ಕ್ರಿಸ್‌ಮಸ್ಸಿಗೆ ಮುಂಚೆ ಡಾಕ್ಟರು ಲೈಲ್‌ನ ಶ್ವಾಸಕೋಶದ ಚಿತ್ರ ತೋರಿಸಿ, ಬೇಸಿಗೆ ಕಾಣುವ ಮಾತು ಬೇಡ ಎಂದರು. ಲೈಲ್ ಮನೆಗೆ ಬಂದು ಹೊಸ ಮಾದರಿ ಕಾರೊಂದನ್ನು ಕೈಗೆತ್ತಿಕೊಂಡ. ಲೊರೆಟ್ಟಾಳ ಅಪ್ಪನ ಬಳಿಯಿದ್ದ ಕಡುಗೆಂಪು ಕಾರಿನದು ಅದು. ಮದುವೆಗೆ ಮುಂಚೆ ಲೈಲ್ ಆ ಕಾರನ್ನು ಗೇಟಿಗೆ ಉಜ್ಜಿಸಿ, ತಾನೇ ಬಣ್ಣ ಹಚ್ಚಿಕೊಟ್ಟು, ಬೈಗುಳ ತಿನ್ನಬೇಕಾದ ಮನೆಯಲ್ಲಿ ಊಟ ಮಾಡಿ ಬಂದಿದ್ದ. ಅದರ ಮಾದರಿಯನ್ನು ಲೊರೆಟ್ಟಾಗೆ ಕೊಟ್ಟು ಹೋಗಬೇಕು ಅನ್ನುವುದೊಂದೇ ಅವನಿಗೆ ಉಳಿದಿದ್ದ ಆಸೆ.

ಜನವರಿ ನಡುವಿನಲ್ಲಿ ಬಣ್ಣ ಊದಿದ. ಎರಡು ವಾರದಲ್ಲಿ ಆರಬೇಕಿತ್ತು. ನಾರ್ಬರ್ಟ್ ಬಂದು, ಧೂಳು ಕೂರದಂತೆ ಮುಚ್ಚಿದ್ದ ಡಬ್ಬಿ ತೆಗೆದು, ಕಾರನ್ನು ಮೂಗಿನ ಹತ್ತಿರ ಹಿಡಿದ.

"ಇನ್ನೂ ವಾಸನೆ ಇದೆ."

ಮುಂದಿನ ಬುಧವಾರವೂ ಅದೇ. ಅದರ ಮುಂದಿನದೂ ಅದೇ. ನಾಲ್ಕನೆಯ ಬುಧವಾರ ಲೈಲ್ ಮೆಟ್ಟಿಲು ಇಳಿಯಲು ಕಾಲು ಗಂಟೆ ತೆಗೆದುಕೊಂಡ.

"ಸರಿಯಾಗಿ ಮೂಸೋ ಮಾರಾಯ."

"ಮೂಸ್ದೆ ಕಣೋ. ಇದೆ."

"ತೆಳ್ಳಗೆ ಒಂದು ಸಲ ಹೊಡೆದ್ಬಿಡ್ಲಾ?"

"ಹೊಡಿ. ಆಮೇಲೆ ಬಿರುಕು ಬಿಟ್ರೆ ಕ್ಲಬ್ಬಲ್ಲಿ ಎಲ್ರಿಗೂ ತೋರಿಸ್ಕೊಂಡು ನಗ್ತೀನಿ. ಕಲಿಸಿದ್ದು ನೀನೇ ತಾನೆ?"

ಲೈಲ್ ನಗಲಿಲ್ಲ. ಕೈಗಳನ್ನು ದೀಪದ ಕೆಳಗೆ ಹಿಡಿದು ನೋಡಿಕೊಂಡ. "ದಪ್ಪ ಹೊಡೆದ್ಬಿಟ್ಟಿದೀನಿ ಅನ್ಸುತ್ತೆ. ಇಷ್ಟು ವರ್ಷದಲ್ಲಿ ಒಂದ್ಸಲಾನೂ ಹಿಂಗಾಗಿರ್ಲಿಲ್ಲ. ಕೈ ಹೋಯ್ತು ನಾರ್ಬ್."

"ಚಳಿ ಕಣೋ, ಅದಕ್ಕೆ. ಇನ್ನೊಂದು ವಾರ ನೋಡೋಣ."

ಆ ಇನ್ನೊಂದು ವಾರದಲ್ಲಿ ಲೈಲ್ ಹಾಸಿಗೆ ಹಿಡಿದ. ಮಾರ್ಚ್ ಮೊದಲ ಶುಕ್ರವಾರ ತೀರಿಕೊಂಡ.

ಮಣ್ಣು ಮಾಡಿ, ಚರ್ಚಿನ ಹಾಲ್‌ನಲ್ಲಿ ಊಟ ಮುಗಿಸಿ ಬಂದ ಮೇಲೆ ಲೊರೆಟ್ಟಾ, "ಕೆಳಗಡೆ ಇರೋ ಬಣ್ಣ ಎಲ್ಲ ತಗೊಂಡ್ಹೋಗು, ನಂಗೆ ನೋಡಕ್ಕಾಗಲ್ಲ," ಎಂದಳು. ನಾರ್ಬರ್ಟ್ ಕಪ್ಪು ಸೂಟಿನಲ್ಲೇ ಇಳಿದು ಹೋದ. ಡಬ್ಬಿ ತೆಗೆದ. ಅಭ್ಯಾಸಬಲದಿಂದ ಕಾರನ್ನು ಮೂಗಿಗೆ ಹಿಡಿದ.

ಏನೂ ಇಲ್ಲ.

ಅತ್ತು ಅತ್ತು ಮೂಗು ಕಟ್ಟಿರಬೇಕೆಂದು ಬಣ್ಣ ತೆಳುಮಾಡುವ ತಿನ್ನರ್ ಸೀಸೆಯ ಮುಚ್ಚಳ ತೆಗೆದ. ವಾಸನೆ ನೆತ್ತಿಗೆ ಹೊಡೆಯಿತು. ಮತ್ತೆ ಕಾರು ಮೂಸಿದ. ನೀರಿನ ಲೋಟದಷ್ಟು ಸ್ವಚ್ಛ. ದಪ್ಪ ಕೂತು ಹಸಿ ಉಳಿದ ಬಣ್ಣ ಈ ಎರಡು ಮೂರು ವಾರದಲ್ಲಿ ಹೀಗೆ ಆರುವುದಿಲ್ಲ; ಇದು ಯಾವಾಗಲೋ ಆರಿತ್ತು.

ಮನೆಗೆ ಹೋದಾಗ ಗ್ಯಾರೇಜಿನ ಮೊಳೆಯಲ್ಲಿ ಅವನ ಹಳೇ ಕೋಟು ನೇತಾಡುತ್ತಿತ್ತು. ಬುಧವಾರ ಬೆಳಗ್ಗೆ ಅದನ್ನೇ ಹಾಕಿಕೊಂಡು ತನ್ನ ಮಾದರಿ ವಿಮಾನಗಳಿಗೆ ಬಣ್ಣ ಊದಿ, ಅದರಲ್ಲೇ ಲೈಲ್‌ನ ಮನೆಗೆ ಹೋಗುತ್ತಿದ್ದ. ಅವನು ಕೋಟಿನ ತೋಳನ್ನು ಮೂಗಿಗೆ ತಂದ. ನಾಲ್ಕು ಬುಧವಾರ ಮೂಸಿದ ವಾಸನೆ ಅಲ್ಲಿತ್ತು.

ಹದಿನಾಲ್ಕು ವರ್ಷ ಹೀಗಾಗಿರಲಿಲ್ಲ. ಏಕೆಂದರೆ ಲೊರೆಟ್ಟಾ ಬಾಗಿಲಲ್ಲೇ ಅವನನ್ನು ತಡೆದು, "ಆ ಗಬ್ಬು ಕೋಟನ್ನ ಹೊರಗೇ ಬಿಚ್ಚಿಟ್ಟು ಬಾರಯ್ಯ," ಎಂದು ಬೈಯುತ್ತಿದ್ದಳು. ಈ ಚಳಿಗಾಲ ಅವಳಿಗೆ ಬೈಯುವಷ್ಟು ಗಮನವಿರಲಿಲ್ಲ. ಇವನಿಗೂ ಬಿಚ್ಚಬೇಕೆಂದು ಹೊಳೆಯಲಿಲ್ಲ.

ಮರುದಿನ ಹೋಗಿ ಎಲ್ಲವನ್ನೂ ಲೊರೆಟ್ಟಾಗೆ ಹೇಳಿದ. ಅವಳು ಕೋಟನ್ನು ಬಾಗಿಲಲ್ಲಿ ಬಿಚ್ಚಿಸುತ್ತಿದ್ದುದನ್ನು ಮಾತ್ರ ಹೇಳಲಿಲ್ಲ.

"ಅಂದ್ರೆ ಅವನ ಕೈ ಕೆಟ್ಟಿರ್ಲಿಲ್ಲ," ಎಂದಳು ಲೊರೆಟ್ಟಾ.

"ಇಲ್ಲ. ಬಣ್ಣ ಒಂಚೂರೂ ದಪ್ಪ ಆಗಿಲ್ಲ. ಅವನ ಯಾವ ಕಾರೂ ಇಷ್ಟು ಚೆನ್ನಾಗಿ ಬಂದಿಲ್ಲ."

"ಕೈ ಹೋಯ್ತು, ಕೈ ಹೋಯ್ತು ಅಂತ ಕೊನೇವರ್ಗೂ ಗೋಡೆ ಕಡೆ ತಿರುಗಿ ಹೇಳ್ಕೋತಿದ್ದ ನಾರ್ಬ್."

ನಾರ್ಬರ್ಟ್‌ಗೆ ತಲೆ ಎತ್ತಲಾಗಲಿಲ್ಲ. "ಬೇಕಾದ್ರೆ ಹೊಳಪು ನಾನೇ ಹೊಡೆದು ಕೊಡ್ತೀನಿ," ಎಂದ. ಹೇಳುವಾಗಲೇ ತನ್ನಿಂದ ಆಗದೆಂದು ಗೊತ್ತಿತ್ತು.

"ಬೇಡ," ಎಂದಳು ಲೊರೆಟ್ಟಾ. "ಯಾರೂ ಹೊಡೀಬೇಡಿ."

ಅವಳು ಕೆಳಗಿಳಿದು ಕಾರನ್ನು ಎತ್ತಿಕೊಂಡು ಬಂದಳು. ಬರಿಗೈಯಲ್ಲಿ ಹಿಡಿದಿದ್ದಳು, ಮೊಟ್ಟೆಯಂತಲ್ಲ, ಪಾತ್ರೆಯಂತೆ. ಬೇರೆ ಯಾರೇ ಹಾಗೆ ಹಿಡಿದಿದ್ದರೂ ನಾರ್ಬರ್ಟ್ ಕಿರುಚುತ್ತಿದ್ದ. ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಾಗ ಕಡುಗೆಂಪು ಬಣ್ಣದ ಮೇಲೆ ಅವಳ ಐದು ಬೆರಳಿನ ಗುರುತು ಸ್ಪಷ್ಟವಾಗಿ ಮೂಡಿತ್ತು. ಒರೆಸಲೆಂದು ಅವನು ಜೇಬಿನಿಂದ ಬಟ್ಟೆ ತೆಗೆಯಲಿಲ್ಲ.