ಒಂದು ಗಂಟಲಿಗೆ ನಾಲ್ಕು ಸಮಿತಿ

ನಿಂಗ್ರುಮ್ ಯಂತ್ರಶಾಸ್ತ್ರದವಳು. ಸೋಲೊ ಊರಿನ ನಮ್ಮ ವಿಶ್ವವಿದ್ಯಾಲಯದಲ್ಲಿ ನೀರೆತ್ತುವ ಪಂಪುಗಳ ಬಗ್ಗೆ ಪಾಠ ಹೇಳುತ್ತಿದ್ದಳು. ಪಂಪು ಕೆಡುವ ಮೊದಲು ಅದರ ಸದ್ದು ಹೇಗೆ ಬದಲಾಗುತ್ತದೆ ಎಂಬುದರ ಮೇಲೆ ಡಾಕ್ಟರೇಟ್ ಮಾಡಿದ್ದಳು. ನಾನು ಅಲ್ಲೇ ತತ್ವಶಾಸ್ತ್ರ ಕಲಿಸುವವನು. ಇಬ್ಬರ ಕಟ್ಟಡಗಳ ನಡುವೆ ಒಂದು ಕ್ಯಾಂಟೀನು, ಅಲ್ಲಿ ಹುದುಗಿಸಿದ ಸೋಯಾಕಾಳಿನ ತೆಂಪೆಯನ್ನು ಬಿಸಿಬಿಸಿ ಕರಿದು ಕೊಡುತ್ತಾರೆ. ನಮ್ಮ ಸ್ನೇಹಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ತೆಂಪೆಯ ಜೊತೆ ಹಸಿಮೆಣಸಿನಕಾಯಿಯನ್ನು ಹಾಗೆಯೇ ಕಚ್ಚಿ ತಿನ್ನುವ ಹೆಂಗಸು ಅವಳು, ಮಾತೂ ಹಾಗೆಯೇ. ಸಭೆಗಳಲ್ಲಿ ಅಧ್ಯಕ್ಷರು ಮೂರನೆಯ ಸಲ ಅದೇ ಮಾತು ಆಡತೊಡಗಿದರೆ ಗಟ್ಟಿಯಾಗಿ ಆಕಳಿಸುತ್ತಿದ್ದಳು.

ಅವಳ ಅಪ್ಪ ದೊಡ್ಡ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದವರು. ರಿಪೇರಿಯಾದ ರೇಡಿಯೊ ಸರಿಯಿದೆಯೇ ಎಂದು ನೋಡಲು ವಾಯಾಂಗ್ ಹಚ್ಚಿಡುತ್ತಿದ್ದರು. ತೊಗಲುಗೊಂಬೆಯ ಆಟ ರೇಡಿಯೊದಲ್ಲಿ ಕಾಣಿಸುವುದಿಲ್ಲ ನಿಜ, ಆದರೂ ನಮ್ಮ ಜನ ಕೇಳುತ್ತಾರೆ. ಗೊಂಬೆ ಆಡಿಸುವ ದಾಲಾಂಗ್ ಒಬ್ಬನೇ ಎಲ್ಲರ ದನಿಯಲ್ಲೂ ಮಾತಾಡುತ್ತಾನೆ. ಒಳ್ಳೆಯ ದಾಲಾಂಗ್ ಆದರೆ ಭೀಮ ಯಾರು, ಅರ್ಜುನ ಯಾರು, ಶಕುನಿ ಯಾವಾಗ ಬಂದ ಎಂಬುದು ಕಣ್ಣು ಮುಚ್ಚಿದವರಿಗೂ ತಿಳಿಯುತ್ತದೆ. ನಿಂಗ್ರುಮ್ ಬೆಳೆದದ್ದು ಕಿ ವಿಗತ್ನೊ ಎಂಬ ದಾಲಾಂಗ್‌ನ ದನಿಯಲ್ಲಿ. ಅವರ ಭೀಮ ಗುಡುಗಿದರೆ ಅಂಗಡಿಯ ಗಾಜಿನ ಬೀರು ಅದುರುತ್ತಿತ್ತಂತೆ.

ಒಂದು ಬೆಳಿಗ್ಗೆ ಅಮ್ಮನ ಕಿವಿ ತೋರಿಸಲು ಆಸ್ಪತ್ರೆಗೆ ಹೋದಾಗ ಅವಳು ಕಿ ವಿಗತ್ನೊ ಅವರನ್ನು ಮೊದಲ ಸಲ ಮುಖಾಮುಖಿ ನೋಡಿದಳು. ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಟಾರ್ಚಿನಂಥ ಒಂದು ಸಾಧನವನ್ನು ಕುತ್ತಿಗೆಗೆ ಒತ್ತಿಕೊಂಡು ಔಷಧಿ ಕೊಡುವ ಕಿಟಕಿಯ ಮುಂದೆ ಏನೋ ಕೇಳುತ್ತಿದ್ದರು. ಆ ಸಾಧನ ಅದುರುತ್ತದೆ, ಬಾಯಿ ಆ ಅದುರನ್ನು ಮಾತಾಗಿ ತಿದ್ದುತ್ತದೆ, ಆದರೆ ಏರಿಳಿತ ಇರುವುದಿಲ್ಲ. ಬಾಟಲಿಯೊಳಗೆ ಸಿಕ್ಕಿಕೊಂಡ ದುಂಬಿಯ ಹಾಗೆ ಒಂದೇ ಶ್ರುತಿ. ಕಿಟಕಿಯ ಹುಡುಗಿಗೆ ನಗು ತಡೆಯಲಿಲ್ಲ. ಮುದುಕರು ಅರ್ಧ ಮಾತಿನಲ್ಲೇ ಸಾಧನ ಜೇಬಿಗೆ ಹಾಕಿಕೊಂಡು ಬೆಂಚಿನ ಮೇಲೆ ಹೋಗಿ ಕುಳಿತರು. ಆಮೇಲೆ ಅವರ ಹೆಂಡತಿ ಎದ್ದು ಬಂದು ಕೇಳಬೇಕಾಯಿತು.

ನಿಂಗ್ರುಮ್ ಅಮ್ಮನನ್ನು ಮನೆಗೆ ಬಿಟ್ಟು ನೇರ ಕ್ಯಾಂಟೀನಿಗೆ ಬಂದಳು. ಏನೂ ತಿನ್ನಲಿಲ್ಲ.

"ಪಂಪಿನ ಸದ್ದು ಏರೋದು ಇಳಿಯೋದು ನಂಗೆ ಗೊತ್ತಲ್ವಾ ಮಾಸ್ ತೊಹಾರ್," ಎಂದಳು ನನಗೆ. ಮಾಸ್ ಎಂದರೆ ಅಣ್ಣ. ಅವಳಿಗಿಂತ ನಾನು ಸ್ವಲ್ಪ ದೊಡ್ಡವನು. "ಈ ಮನುಷ್ಯನ ಸದ್ದು ಏರಿಸೋಕೆ ಇಳಿಸೋಕೆ ಒಂದು ಉಪಾಯ ಮಾಡೋದು ಅಂಥಾ ದೊಡ್ಡ ಕೆಲಸವಾ?"

ಸಾಧನ ಮಾಡುವುದು ನಿಜಕ್ಕೂ ದೊಡ್ಡ ಕೆಲಸ ಆಗಲಿಲ್ಲ. ದಾಲಾಂಗ್‌ನ ಎರಡೂ ಕೈ ಗೊಂಬೆಗಳಿಗೆ ಬೇಕು. ಬಲಗಾಲು ತಾಳದ ಲೋಹದ ಫಲಕಗಳನ್ನು ಒದೆಯುತ್ತಿರಬೇಕು. ಉಳಿದದ್ದು ಎಡ ಮೊಣಕಾಲು. ಅಂಥದೇ ಅದುರುವ ಗುಂಡಿಯೊಂದನ್ನು ಪಟ್ಟಿಗೆ ಹೊಲಿದು ಕುತ್ತಿಗೆಗೆ ಕಟ್ಟಿದಳು. ಎಡ ಮೊಣಕಾಲಿನ ಕೆಳಗೆ ಒಂದು ಸಣ್ಣ ಸನ್ನೆಕೋಲು ಇಟ್ಟಳು; ಒತ್ತಿದರೆ ದನಿ ಇಳಿಯುತ್ತದೆ, ಬಿಟ್ಟರೆ ಏರುತ್ತದೆ. ಅದನ್ನು ಎತ್ತಿಕೊಂಡು ದಾಲಾಂಗ್‌ನ ಮನೆಗೆ ಹೋದಾಗ ನನ್ನನ್ನೂ ಕರೆದುಕೊಂಡು ಹೋದಳು.

ಕಿ ವಿಗತ್ನೊ ಸಿಡುಕಿನ ಮನುಷ್ಯ. ಪಟ್ಟಿಯನ್ನು ನೋಡಿ, ಕುರಿಯ ಕೊರಳಿಗೆ ಕಟ್ಟುವುದೇ, ಎಂದು ಸನ್ನೆಯಲ್ಲಿ ಕೇಳಿದರು. ಹೆಂಡತಿ ಬೈದ ಮೇಲೆ ಕಟ್ಟಿಸಿಕೊಂಡರು. ಮೊಣಕಾಲು ಒತ್ತಿ ಬಾಯಿ ತೆರೆದರು. ಬಂದದ್ದು ಭೀಮ ಅಲ್ಲ, ಆದರೆ ಭೀಮನ ಅಣ್ಣತಮ್ಮ ಯಾರೋ ಬಂದರು. ದನಿ ಕೆಳಗಿಳಿಯಿತು, ಸಾಲಿನ ಕೊನೆಯಲ್ಲಿ ಭಾರವಾಗಿ ಕುಳಿತಿತು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುದುಕರು ಮತ್ತೆ ಮೊಣಕಾಲು ಎತ್ತಿ ಅರ್ಜುನನನ್ನು ಕರೆದರು. ಅರ್ಜುನ ನೆಗಡಿಯಾದ ಆಡಿನ ಹಾಗೆ ಬಂದ.

"ಇವನನ್ನ ಕಾಡಿಗೆ ಕಳಿಸ್ಬೇಕು," ಎಂದರು ಆ ದನಿಯಲ್ಲೇ. ನಾವೆಲ್ಲ ನಕ್ಕುಬಿಟ್ಟೆವು. ಶಸ್ತ್ರಚಿಕಿತ್ಸೆಯಾದ ಮೇಲೆ ಆ ಮನೆಯಲ್ಲಿ ಅವರು ಮಾಡಿದ ಮೊದಲ ತಮಾಷೆ ಅದಂತೆ.

ಅಲ್ಲಿಗೇ ನಿಲ್ಲಿಸಿದ್ದರೆ ಕಥೆ ಸುಖವಾಗಿ ಮುಗಿಯುತ್ತಿತ್ತು. ಆದರೆ ನಿಂಗ್ರುಮ್ ವಿಶ್ವವಿದ್ಯಾಲಯದವಳು. ದಿನವೂ ತಾಸುಗಟ್ಟಲೆ ಗಾಯದ ಕುತ್ತಿಗೆಗೆ ಅದುರುವ ಗುಂಡಿ ಒತ್ತಿದರೆ ಚರ್ಮಕ್ಕೆ ಏನಾಗುತ್ತದೆ ಎಂದು ಅವಳಿಗೆ ತಿಳಿಯದು. ಅದನ್ನು ತಿಳಿಯಲು ವೈದ್ಯರು ಬೇಕು, ವೈದ್ಯರು ಬೇಕೆಂದರೆ ಅನುಮತಿ ಬೇಕು. ಆ ವರ್ಷವೇ ನಮ್ಮ ಕುಲಪತಿಗಳು ವೈದ್ಯಕೀಯ, ಕಲೆ, ತತ್ವಶಾಸ್ತ್ರ, ಎಂಜಿನಿಯರಿಂಗ್ ನಾಲ್ಕೂ ಸೇರಿ ಮಾಡುವ ಸಂಶೋಧನೆಗೆ ವಿಶೇಷ ಬೆಂಬಲ ಎಂದು ಘೋಷಿಸಿದ್ದರು. ನಮಗೆಂದೇ ಹೇಳಿದ ಹಾಗಿದೆ ಎಂದುಕೊಂಡೆವು. ದಾಲಾಂಗ್‌ಗೆ ಶಸ್ತ್ರಚಿಕಿತ್ಸೆ ಮಾಡಿದ್ದ ಡಾಕ್ಟರ್ ಹಪ್ಸೊರೊ ಒಪ್ಪಿದರು. ಕಲಾ ವಿಭಾಗದಲ್ಲಿ ವಾಯಾಂಗ್ ಕಲಿಸುವ ಪಾಕ್ ಕುಂಚೊರೊ ಒಪ್ಪಿದರು; ಪಾಕ್ ಎಂದು ನಾವು ಹಿರಿಯರನ್ನು ಕರೆಯುವುದು. ತತ್ವಶಾಸ್ತ್ರಕ್ಕೆ ನಾನಿದ್ದೆ. ಮಾಡಿಟ್ಟ ಸಾಧನವನ್ನು ಅನುಮತಿ ಬರುವವರೆಗೆ ಯಾರ ಕುತ್ತಿಗೆಗೂ ಕಟ್ಟಬಾರದು ಎಂದು ತಿಳಿದಾಗ ನಿಂಗ್ರುಮ್ ಅದನ್ನು ಪ್ರಯೋಗಾಲಯದ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಒಂದು ತಿಂಗಳಲ್ಲಿ ಮುಗಿಯುತ್ತದೆ ಎಂದು ಮುದುಕರಿಗೆ ಮಾತು ಕೊಟ್ಟಳು.

ಆಮೇಲೆ ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು.

ವೈದ್ಯಕೀಯ ಸಮಿತಿ, ಒಬ್ಬನೇ ರೋಗಿಯನ್ನು ಇಟ್ಟುಕೊಂಡು ಮಾಡುವುದು ಸಂಶೋಧನೆ ಆಗುವುದಿಲ್ಲ, ಕನಿಷ್ಠ ಮೂವತ್ತು ಜನ ಬೇಕು ಎಂದಿತು. ಧ್ವನಿಪೆಟ್ಟಿಗೆ ಕಳೆದುಕೊಂಡ ಮೂವತ್ತು ದಾಲಾಂಗ್‌ಗಳನ್ನು ಎಲ್ಲಿಂದ ತರುವುದು ಎಂದು ನಿಂಗ್ರುಮ್ ಕೇಳಿದಳು. ದಾಲಾಂಗ್‌ಗಳೇ ಆಗಬೇಕೆಂದಿಲ್ಲ ಎಂಬ ಉತ್ತರ ಬಂತು. ಹಾಗೆ ಬದಲಿಸಿದ ಮೇಲೆ ಕಲಾ ಸಮಿತಿ, ದಾಲಾಂಗ್ ಅಲ್ಲದವರಿದ್ದರೆ ಇದರಲ್ಲಿ ಕಲೆ ಎಲ್ಲಿದೆ ಎಂದಿತು. ಅಲ್ಲಿನ ಹಿರಿಯರೊಬ್ಬರು ಯಂತ್ರದ ದನಿ ಪರಂಪರೆಗೆ ಅಪಚಾರ ಎಂದರು. ಪಾಕ್ ಕುಂಚೊರೊ ನಮ್ಮ ಪರವಾಗಿ ಮಾತಾಡುವರೆಂದು ಕಾದೆವು. ಅವರು ಚಹಾ ಲೋಟದೊಳಗೆ ನೋಡುತ್ತ ಕುಳಿತರು. ಎಂಜಿನಿಯರಿಂಗ್ ಸಮಿತಿಗೆ ಹೊಸತನ ಬೇಕಿತ್ತು. ಕಾಲಿನಿಂದ ಒತ್ತುವುದು ಹೊಲಿಗೆ ಯಂತ್ರದಲ್ಲೂ ಇದೆಯಲ್ಲ ಎಂದರು.

ಎಲ್ಲಕ್ಕಿಂತ ನಾಚಿಕೆಯಾದದ್ದು ನನ್ನದೇ ವಿಭಾಗದಿಂದ. ಯಂತ್ರದ ಮೂಲಕ ಬಂದ ಮಾತಿಗೆ ಆಡಿದವನು ಹೊಣೆಯೋ, ಯಂತ್ರ ಮಾಡಿದವಳು ಹೊಣೆಯೋ ಎಂದು ವಾರಗಟ್ಟಲೆ ಚರ್ಚೆ ಮಾಡಿದರು. ಶಕುನಿ ಆಡುವ ಸುಳ್ಳಿಗೆ ಇಷ್ಟು ವರ್ಷ ದಾಲಾಂಗ್ ಹೊಣೆಯಾಗಿದ್ದನೇ ಎಂದು ನಾನು ಕೇಳಿದೆ. ಒಳ್ಳೆಯ ಪ್ರಶ್ನೆ, ಅದನ್ನೂ ಬರೆದು ಸೇರಿಸಿ ಎಂದರು. ಬರೆದು ಸೇರಿಸಿದೆ. ಈಗ ಪ್ರಸ್ತಾವ ಉದ್ದವಾಯಿತು, ಕಡಿಮೆ ಮಾಡಿ ಎಂದು ಇನ್ನೊಂದು ಕಡೆಯಿಂದ ಬಂತು.

ಮಳೆಗಾಲ ಬಂದು ಹೋಯಿತು, ಉಪವಾಸದ ತಿಂಗಳು ಬಂದು ಹೋಯಿತು. ನಿಂಗ್ರುಮ್ ಸೊರಗಿದಳು ಎನ್ನುವುದಕ್ಕಿಂತ ಒರಟಾದಳು. ಪಾಠದಲ್ಲಿ ವಿದ್ಯಾರ್ಥಿಗಳ ಮೇಲೆ ರೇಗುತ್ತಿದ್ದಳು. ಅದೇ ಹೊತ್ತಿಗೆ ಅವಳ ಬಡ್ತಿಯೂ ನಿಂತಿತು. ಓದಿದ ವಿಷಯ, ಕಲಿಸುವ ವಿಷಯ, ಬರೆಯುವ ವಿಷಯ ಮೂರೂ ಒಂದೇ ಗೆರೆಯಲ್ಲಿರಬೇಕು ಎಂಬುದು ನಮ್ಮಲ್ಲಿನ ಪದ್ಧತಿ. ಪಂಪಿನಿಂದ ಗಂಟಲಿಗೆ ಬಂದವಳು ಗೆರೆ ದಾಟಿದ್ದಳು. ಸೇರಿ ದುಡಿಯಿರಿ ಎಂದು ಕರೆದವರೇ ಸೇರಿದ್ದಕ್ಕೆ ದಂಡ ಹಾಕುತ್ತಿದ್ದಾರೆ ಎಂದು ಅವಳು ಕ್ಯಾಂಟೀನಿನಲ್ಲಿ ಮೇಜು ಕುಟ್ಟಿದಳು. ಮೆಣಸಿನಕಾಯಿ ನೆಲಕ್ಕೆ ಬಿತ್ತು.

ಅತ್ತ ಮುದುಕರು ಬೀರುವಿನಲ್ಲಿರುವುದನ್ನು ಮರೆತಿರಲಿಲ್ಲ. ನಾವು ಹೋದಾಗಲೆಲ್ಲ ಮೊದಲು ನಮ್ಮ ಕೈ ನೋಡುತ್ತಿದ್ದರು. ಒಂದು ದಿನ ಹಳೆಯ ಸಾಧನವನ್ನು ಒತ್ತಿಕೊಂಡು ಕೇಳಿದರು:

"ನಿಂಗ್, ಮಗಳೇ, ಗಂಟಲು ಯಾರ್ದು?"

"ನಿಮ್ದು, ಪಾಕ್ ದಾಲಾಂಗ್."

"ಹಾಗಾದ್ರೆ ಅನುಮತಿ ಅವರದ್ದ್ಯಾಕೆ?"

ಉತ್ತರ ನನ್ನ ಬಳಿ ಇತ್ತು: ಹಿಂದೆ ಎಷ್ಟೋ ಕಡೆ ಡಾಕ್ಟರುಗಳು ಬಡವರ ಮೈಮೇಲೆ ಕೇಳದೆ ಪ್ರಯೋಗ ಮಾಡಿದ್ದಾರೆ, ಅದಕ್ಕೇ ಈ ಕಾವಲು. ನಾನು ಅದನ್ನು ತರಗತಿಯಲ್ಲಿ ಚೆನ್ನಾಗಿ ಕಲಿಸುತ್ತೇನೆ. ಆ ಜಗಲಿಯಲ್ಲಿ ನನ್ನ ಚಪ್ಪಲಿ ಹುಡುಕತೊಡಗಿದೆ.

ಕೊನೆಗೆ ನಾಲ್ಕೂ ಸಮಿತಿಗಳು ಒಟ್ಟಿಗೆ ಕೂರುವುದಾಯಿತು. ಸಾಧನವನ್ನು ಒಮ್ಮೆ, ಅವರ ಕಣ್ಣೆದುರಿಗೆ, ಡಾಕ್ಟರ್ ಹಪ್ಸೊರೊ ಪಕ್ಕದಲ್ಲಿದ್ದು ತೋರಿಸಬಹುದು ಎಂದರು. ಕಿ ವಿಗತ್ನೊ ಬಾಟಿಕ್ ಅಂಗಿ, ತಲೆಗೆ ಕಟ್ಟುವ ಬ್ಲಾಂಗ್ಕೊನ್ ಹಾಕಿಕೊಂಡು ಬಂದರು. ಹೆಂಡತಿ ಗೊಂಬೆಗಳನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಸಭೆ ತಡವಾಯಿತು. ಅವರನ್ನು ಹೊರಗೆ ಬಿಸಿಲು ಬೀಳುವ ಮೊಗಸಾಲೆಯಲ್ಲಿ ಕೂರಿಸಿದ್ದರು. ಒಳಗೆ ಕರೆದಾಗ ಕುತ್ತಿಗೆಯೆಲ್ಲ ಬೆವರಿತ್ತು. ಅವರು ಭೀಮನನ್ನು ಎತ್ತಿದರು, ಮೊಣಕಾಲು ಒತ್ತಿದರು. ಎರಡು ಸಾಲು ಸರಿಯಾಗಿಯೇ ಬಂತು. ಮೂರನೆಯದರಲ್ಲಿ ಬೆವರಿಗೆ ಪಟ್ಟಿ ಜಾರಿತು. ಗುಂಡಿ ಚರ್ಮ ಬಿಟ್ಟಿತೆಂದರೆ ಅದುರು ಬಾಯಿಗೆ ಹೋಗುವುದಿಲ್ಲ, ಹೊರಗೇ ಗರಗರ ಎನ್ನುತ್ತದೆ. ಇಡೀ ಕೋಣೆ ಗರಗರ ಎಂದಿತು. ಮುದುಕರ ಬಾಯಿ ಆಡುತ್ತಿತ್ತು, ಮಾತು ಇರಲಿಲ್ಲ. ನಿಂಗ್ರುಮ್ ಓಡಿ ಹೋಗಿ ಪಟ್ಟಿ ಬಿಗಿ ಮಾಡಿದಳು, ಮತ್ತೆ ಜಾರಿತು.

ಅಧ್ಯಕ್ಷರು ಕೆಟ್ಟವರಲ್ಲ. ಭರವಸೆಯ ಕೆಲಸ, ಸುಧಾರಿಸಿಕೊಂಡು ಮುಂದಿನ ವರ್ಷ ಬನ್ನಿ ಎಂದು ಮೆತ್ತಗೆ ಹೇಳಿದರು. ಅವರು ಹಾಗೆ ಮೆತ್ತಗೆ ಹೇಳಿದ್ದೇ ನನಗೆ ಇನ್ನಷ್ಟು ಉರಿಯಿತು.

ಹೊರಗೆ ಮೆಟ್ಟಿಲ ಮೇಲೆ ದಾಲಾಂಗ್ ಪಟ್ಟಿಯನ್ನು ತಾವೇ ಬಿಚ್ಚಿ ನಿಂಗ್ರುಮ್ ಕೈಗಿಟ್ಟರು. ಹಳೆಯ ಸಾಧನ ತೆಗೆದು ಕುತ್ತಿಗೆಗೆ ಒತ್ತಿಕೊಂಡರು.

"ನಂಗೆ ಎಪ್ಪತ್ತೊಂದು. ಮುಂದಿನ ವರ್ಷ ಅನ್ನೋದು ಅವ್ರಿಗಿದೆ."

ಮರುದಿನ ನಿಂಗ್ರುಮ್ ಪ್ರಸ್ತಾವವನ್ನು ಹಿಂದಕ್ಕೆ ತೆಗೆದುಕೊಂಡಳು. ನನಗೂ ಮೊದಲು ಹೇಳಲಿಲ್ಲ. ನಾನು ಹೋಗಿ ಕೂಗಾಡಿದೆ. ನನ್ನದೂ ಒಂದು ವರ್ಷದ ದುಡಿಮೆ ಅದರಲ್ಲಿತ್ತು. ಅವಳು ಬೀರುವಿನ ಮುಂದೆ ನೆಲದ ಮೇಲೆ ಕುಳಿತು ಪಟ್ಟಿಯ ಒಳಭಾಗಕ್ಕೆ ಬೆವರು ಹೀರುವ ಹತ್ತಿಬಟ್ಟೆ ಹೊಲಿಯುತ್ತಿದ್ದಳು.

"ಸಂಶೋಧನೆ ಅಂದ್ರೆ ತಾನೆ ಅನುಮತಿ? ಇದು ಸಂಶೋಧನೆ ಅಲ್ಲ ಮಾಸ್. ರೇಡಿಯೊ ರಿಪೇರಿಯವನ ಮಗಳು ಪರಿಚಯದ ಮುದುಕನಿಗೆ ಒಂದು ಸಾಮಾನು ಮಾಡಿಕೊಡ್ತಿದಾಳೆ."

"ಪ್ರಬಂಧ ಇಲ್ಲ. ಬಡ್ತಿ ಇಲ್ಲ. ಗೊತ್ತಲ್ವಾ?"

"ಗೊತ್ತು. ಕತ್ತರಿ ಕೊಡು."

ಇದನ್ನು ಕೇಳಿ ಡಾಕ್ಟರ್ ಹಪ್ಸೊರೊ ಹಣೆ ಉಜ್ಜಿಕೊಂಡರು. ಸಾಧನದ ಬಗ್ಗೆ ತಾವು ಏನನ್ನೂ ಹೇಳುವುದಿಲ್ಲ, ಆದರೆ ತಮ್ಮ ಹಳೆಯ ರೋಗಿ ವಾರಕ್ಕೊಮ್ಮೆ ಕುತ್ತಿಗೆ ತೋರಿಸಲು ಬಂದರೆ ನೋಡದೆ ಕಳಿಸುವುದಿಲ್ಲ ಎಂದರು. ಹಾಗೆಯೇ ನಡೆಯಿತು. ಒಂದೆರಡು ಸಲ ಚರ್ಮ ಕೆಂಪಾಯಿತು, ನಿಂಗ್ರುಮ್ ಗುಂಡಿಯನ್ನು ಬದಲಿಸಿದಳು. ಮುದುಕರು ಬೆಳಗಿನಿಂದ ಊಟದವರೆಗೆ ಅಭ್ಯಾಸ ಮಾಡಿ ನೆರೆಹೊರೆಯವರ ತಲೆ ತಿಂದರು.

ಕೊನೆಗೊಂದು ಮಧ್ಯಾಹ್ನ ನೆರೆಮನೆಯಲ್ಲಿ ಮಗನ ಸುನ್ನತಿಯ ಊಟವಿತ್ತು, ಅಂಗಳದಲ್ಲಿ ಪರದೆ ಕಟ್ಟಿದರು. ಇಡೀ ರಾತ್ರಿಯ ಆಟವಲ್ಲ, ಒಂದು ತುಣುಕು ಮಾತ್ರ. ಚೆನ್ನಾಗಿತ್ತೇ? ಅರ್ಧ ಚೆನ್ನಾಗಿತ್ತು. ಭೀಮ ಬಂದ, ರಾಕ್ಷಸರು ಭಯಂಕರವಾಗಿ ಬಂದರು. ನಮ್ಮ ಮುದಿ ವಿದೂಷಕ ಸೆಮಾರ್ ಅಂತೂ ಮೊದಲಿಗಿಂತಲೂ ತಮಾಷೆಯಾಗಿದ್ದ. ಅರ್ಜುನ ಬರಲೇ ಇಲ್ಲ. ಅವನ ಮಾತನ್ನು ಗಾಯಕನೊಬ್ಬ ಹೇಳಿದ, ಹೆಣ್ಣುಗಳ ಮಾತನ್ನು ದಾಲಾಂಗ್‌ನ ಹೆಂಡತಿ ಹೇಳಿದರು. ಪಾಕ್ ಕುಂಚೊರೊ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದರು, ಆಟ ಮುಗಿದ ಮೇಲೆ ಯಾರನ್ನೂ ಮಾತಾಡಿಸದೆ ಎದ್ದು ಹೋದರು. ನಿಂಗ್ರುಮ್ ಕೈಯಲ್ಲಿ ತಿರುಪುಳಿ ಹಿಡಿದು ಪರದೆಯ ಪಕ್ಕದಲ್ಲೇ ಕುಳಿತಿದ್ದಳು. ಅವಳು ಆಟ ನೋಡಲಿಲ್ಲ, ಮುದುಕರ ಮೊಣಕಾಲನ್ನೇ ನೋಡುತ್ತಿದ್ದಳು.

ಅದಾದ ಮೇಲೆ ಕಿ ವಿಗತ್ನೊ ಆಗೀಗ ಅಂಥ ಸಣ್ಣ ಆಟಗಳನ್ನು ಆಡುತ್ತ ಬಂದರು, ಈಗಲೂ ಆಡುತ್ತಾರೆ. ವಿಶ್ವವಿದ್ಯಾಲಯ ನಾಲ್ಕು ವಿಭಾಗಗಳ ಐಕ್ಯಕ್ಕೆಂದು ಒಂದು ಕೇಂದ್ರ ತೆರೆಯಿತು. ಚೆಂದದ ಕಟ್ಟಡ. ಅಲ್ಲಿ ನಿಂಗ್ರುಮ್‌ಗೆ ಜಾಗವಿರಲಿಲ್ಲ. ಅವಳ ಹೆಸರಿನಲ್ಲಿ ಆ ಬಗೆಯ ಒಂದು ಪ್ರಬಂಧವೂ ಇರಲಿಲ್ಲವಲ್ಲ. ಅವಳು ಪಂಪಿಗೆ ಮರಳಿದಳು.

ಕಳೆದ ತಿಂಗಳು ಮದಿಯೂನ್ ಊರಿನಿಂದ ಒಬ್ಬ ಹೆಂಗಸು ಬಂದಳು. ಮಕ್ಕಳಿಗೆ ಕುರಾನ್ ಓದಲು ಕಲಿಸುತ್ತಿದ್ದವಳು, ಅದೇ ಕಾಯಿಲೆ, ಅದೇ ಶಸ್ತ್ರಚಿಕಿತ್ಸೆ. ದಾಲಾಂಗ್‌ನ ಆಟ ನೋಡಿದ ಯಾರೋ ಹೇಳಿದ್ದರಂತೆ. ಓದುವುದರಲ್ಲಿ ಏರಿಳಿತ ತಪ್ಪಿದರೆ ಮಕ್ಕಳಿಗೆ ಹೇಗೆ ಕಲಿಸಲಿ ಎಂದು ಹಾಳೆಯ ಮೇಲೆ ಬರೆದು ತೋರಿಸಿದಳು. ನಿಂಗ್ರುಮ್ ಡಾಕ್ಟರ್ ಹಪ್ಸೊರೊಗೆ ಫೋನು ಮಾಡಿದಳು. ಅವರು ಆಗುವುದಿಲ್ಲ ಎಂದರು. ಒಬ್ಬ ಹಳೆಯ ರೋಗಿಯ ವಿಷಯದಲ್ಲಿ ಕಣ್ಣು ಮುಚ್ಚಿದ್ದೇ ಹೆಚ್ಚು. ಈ ಹೆಂಗಸಿನ ಗಾಯ ಬೇರೆ, ಅವಳಿಗೆ ವಿಕಿರಣ ಚಿಕಿತ್ಸೆಯೂ ಆಗಿದೆ, ಚರ್ಮ ಒಡೆದರೆ ಯಾರು ಉತ್ತರ ಕೊಡುವುದು, ನಮ್ಮ ಬಳಿ ಬರೆದಿಟ್ಟ ಒಂದು ಅಂಕಿಯೂ ಇಲ್ಲವಲ್ಲ ಎಂದು ಕೇಳಿದರು. ಅವರ ಮಾತು ಸರಿಯಾಗಿತ್ತು. ಸರಿಯಾಗಿದೆ ಎಂದು ಅವಳಿಗೂ ಗೊತ್ತಿತ್ತು. ಅದೇ ಅವಳನ್ನು ಸುಟ್ಟದ್ದು.

ಆ ಹೆಂಗಸಿಗೆ ಊಟ ಹಾಕಿಸಿ, ಬಸ್ಸು ಹತ್ತಿಸಿ ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ಕಣ್ಣು ಕೆಂಪಾಗಿತ್ತು.

"ಮೂವತ್ತು ಜನ ಅಂದಿದ್ರಲ್ವಾ," ಎಂದಳು. "ಮೊದಲ್ನೇದು ಇವಳು ಅಂತ ಹಾಕ್ತೀನಿ. ನಿನ್ನ ಹೊಣೆಗಾರಿಕೆ ಪುರಾಣ ಮತ್ತೆ ಬರಿ. ಈ ಸಲ ಒಂದೇ ಪುಟ ಇರ್ಲಿ."

ನಾನು ಬರೆಯುತ್ತಿದ್ದೇನೆ, ಅವಳು ತನ್ನ ಭಾಗವನ್ನು ಆಗಲೇ ಕಳಿಸಿದಳು. ಎಂಜಿನಿಯರಿಂಗ್ ಸಮಿತಿಯಿಂದ ಮೊದಲ ಆಕ್ಷೇಪ ನಿನ್ನೆಯೇ ಬಂತು. ಇಂಥ ಸಾಧನವೊಂದು ನಮ್ಮೂರಿನಲ್ಲೇ ಈಗಾಗಲೇ ಬಳಕೆಯಲ್ಲಿದೆ ಎಂದು ಕೇಳಿದ್ದೇವೆ, ಹಾಗಾಗಿ ಹೊಸತನ ಕಾಣುವುದಿಲ್ಲ ಎನ್ನುತ್ತಾರೆ.