ಹೊಹೆಪಾನ ಬಿಸಿಲು

ಭೂಮಿಯ ದಕ್ಷಿಣದ ತುದಿಯಲ್ಲಿರುವ ನಮ್ಮ ಕೊಲ್ಲಿಗೆ ಬೇಸಿಗೆ ಬರುವುದು ಡಿಸೆಂಬರಿಗೆ, ಅದೂ ಹೊಹೆಪಾ ಹೇಳಿದ ಮೇಲೆ. ಶಾಲೆಯ ಬಸ್ಸು ಓಡಿಸುವ ಈ ಮನುಷ್ಯ ನವೆಂಬರ್ ಬಂತೆಂದರೆ ದಿನಾ ಬೆಳಿಗ್ಗೆ ಮಕ್ಕಳ ಸಮೇತ ಬಸ್ಸನ್ನು ಸಮುದ್ರದ ಅಂಚಿನ ಪೊಹುಟುಕಾವಾ ಮರದಡಿ ನಿಲ್ಲಿಸಿ, ಇಳಿದು, ಸೊಂಟಕ್ಕೆ ಕೈಯಿಟ್ಟು ಮೇಲೆ ನೋಡುತ್ತಾನೆ. ಅದರ ಕೆಂಪು ಹೂ ಕ್ರಿಸ್‌ಮಸ್ಸಿಗೆ ಬಹಳ ಮೊದಲೇ ಬಿಟ್ಟರೆ ಬೇಸಿಗೆ ಉದ್ದ, ಬಿಸಿಲು ಖಡಕ್ಕು, ತಡವಾದರೆ ಮಳೆ. ಅಜ್ಜಂದಿರ ಕಾಲದಿಂದ ಬಂದ ಲೆಕ್ಕ ಇದು. ಮಕ್ಕಳು ಶಾಲೆಗೆ ತಡವಾಗಿ ಹೋದರೂ ಟೀಚರುಗಳು ಗದರುವುದಿಲ್ಲ, ಅವರಿಗೂ ಹೂವಿನ ಸುದ್ದಿಯೇ ಬೇಕು.

ರೇಡಿಯೋದ ಹವಾಮಾನ ವರದಿ ಅವನಿಗೆ ಆಗಿಬರುವುದಿಲ್ಲ. “ಅದು ಆಕ್ಲೆಂಡಿನವರಿಗೆ ಹೇಳಿದ್ದು ಮಾರಾಯ. ನಮ್ಮ ಕೊಲ್ಲಿ ಎಲ್ಲಿದೆ ಅಂತಾದ್ರೂ ಅವರಿಗೆ ಗೊತ್ತಾ?” ಎನ್ನುತ್ತಾನೆ. ಒಮ್ಮೆ ಬಿಸಿಲು ಎಂದು ಸಾರಿದನೆಂದರೆ ಮಳೆಕೋಟು ಮುಟ್ಟುವುದಿಲ್ಲ. ತೊಪ್ಪೆಯಾಗಿ ನೆನೆದು ಬಂದಾಗ ಇದೇನೆಂದು ಕೇಳಿದರೆ “ಸಮುದ್ರದ ತುಂತುರು” ಎನ್ನುವ ಆಸಾಮಿ. ಅವನು ನನ್ನ ದೊಡ್ಡಪ್ಪನ ಮಗ, ಚಡ್ಡಿ ಹಾಕುವ ಕಾಲದಿಂದ ನೋಡಿದ್ದೇನೆ. ಇಂಥ ಮೊಂಡ ಈ ಕರಾವಳಿಯಲ್ಲಿ ಇನ್ನೊಬ್ಬನಿಲ್ಲ.

ಕಳೆದ ವರ್ಷ ಹೂ ಹಿಂದೆಂದೂ ಕಾಣದಷ್ಟು ಬೇಗ ಬಂತು. ಆ ಡಿಸೆಂಬರಿನಲ್ಲೇ ಅವನ ಒಬ್ಬಳೇ ಮಗಳು ಹುಯಾಳ ಮದುವೆ, ಅದೂ ದಂಡೆಯ ಮರಳಿನ ಮೇಲೆ. ಶಾಮಿಯಾನ ಬೇಕೋ ಬೇಡವೋ ಎಂಬ ಮಾತೆದ್ದಿತು. ಊರಿಗಿರುವುದು ರಗ್ಬಿ ಕ್ಲಬ್ಬಿನ ಒಂದೇ ಶಾಮಿಯಾನ, ಅದಿರುವ ಕೋಣೆಯ ಕೀಲಿ ನನ್ನ ಹತ್ತಿರ. ಹೊಹೆಪಾ ಮರದಡಿ ನಿಂತು ಎಲ್ಲರೆದುರು ಘೋಷಿಸಿಯೇಬಿಟ್ಟ.

“ಶಾಮಿಯಾನ ಯಾಕೆ? ನನ್ನ ಮಗಳು ಆಕಾಶದ ಕೆಳಗೇ ಮದುವೆಯಾಗ್ತಾಳೆ. ಒಂದು ಹನಿ ಬಿದ್ರೆ ನಾನು ಇನ್ನು ಹವಾಮಾನದ ಸುದ್ದಿಗೇ ಬರಲ್ಲ!”

ಅವನ ತಂಗಿ ರಿಪೆಕಾ ಆ ಮರದ ಪಕ್ಕದಲ್ಲೇ ಮೀನು-ಚಿಪ್ಸ್ ಅಂಗಡಿ ಇಟ್ಟವಳು. ಕಿಟಕಿಯಿಂದ ತಲೆ ಹೊರಹಾಕಿದಳು. “ಅಣ್ಣಾ, ಮಗಳ ಮದುವೆ ಮೇಲೆ ಪಂಥ ಕಟ್ಬೇಡ. ನೆಂದ ಮದುಮಗಳನ್ನ ಒಣಗಿಸೋಕೆ ನನ್ನ ಅಂಗಡೀಲಿ ಜಾಗ ಇಲ್ಲ.”

“ನೀನು ಮೀನು ಕರಿ. ಮರ ನಾನು ನೋಡ್ಕೋತೀನಿ.”

ಹುಯಾ ನಕ್ಕು, “ಅಪ್ಪ ಬೇಡ ಅಂದ್ರೆ ಬೇಡ” ಎಂದಳು. ಹೊಹೆಪಾ ಎದೆಯುಬ್ಬಿಸಿ ಬಸ್ಸು ಹತ್ತಿದ.

ಮದುವೆಯ ವಾರ ರಿಪೆಕಾಳ ಒಲೆ ಕೆಟ್ಟು ಅಂಗಡಿ ಮುಚ್ಚಿತು. ಹೊಹೆಪಾ ಎಂದಿನಂತೆ ಮರದಡಿ ನಿಂತರೆ ಏನೋ ಕಡಿಮೆಯಾದಂತೆ ಅನ್ನಿಸಿತಂತೆ. ಬೆನ್ನಿಗೆ ಬೆಚ್ಚಗೆ ತಾಗುತ್ತಿದ್ದ ಗಾಳಿ ಇಲ್ಲ, ಕರಿದೆಣ್ಣೆಯ ವಾಸನೆ ಇಲ್ಲ. ತಿರುಗಿ ನೋಡಿದ. ಚಳಿಗಾಲದ ಮೊದಲಿಗೆ ತಂಗಿ ಹಾಕಿಸಿದ್ದ ಹೊಸ ಫ್ಯಾನು ಒಲೆಯ ಬಿಸಿ ಹೊಗೆಯನ್ನೆಲ್ಲ ನೆಟ್ಟಗೆ ಒಂದು ಕೊಂಬೆಗೆ ಊದುವ ಹಾಗಿತ್ತು. ಹೂ ಬಿಟ್ಟಿದ್ದದ್ದು ಆ ಕೊಂಬೆ ಮಾತ್ರ! ಉಳಿದ ಮರದಲ್ಲಿ ಒಂದು ಮೊಗ್ಗೂ ಕಣ್ಣು ಬಿಟ್ಟಿರಲಿಲ್ಲ. ಊರಿಗೆ ಊರೇ ಕೆಂಪು ಕಂಡ ಸಂಭ್ರಮದಲ್ಲಿ ಹಸಿರನ್ನು ನೋಡಿರಲೇ ಇಲ್ಲ.

ಸಂಜೆ ನನ್ನ ಮನೆಗೆ ಬಂದು ಇಷ್ಟನ್ನೂ ಹೇಳಿದ. ಮುಖ ಇಷ್ಟೇ ಇಷ್ಟಾಗಿತ್ತು.

“ಮಾರಾಯ, ಆ ಶಾಮಿಯಾನ ಕೊಡು. ನನ್ನ ಮಾನ ಹೋದ್ರೆ ಹೋಗ್ಲಿ, ಮಗು ನೆನೀಬಾರ್ದು.”

“ಆಗಲ್ಲ. ಆ ದಿನಕ್ಕೆ ಚಳಿಗಾಲದಲ್ಲೇ ಒಬ್ರು ಕೇಳಿಟ್ಟಿದ್ದಾರೆ.”

“ಯಾವನವನು? ನನ್ನ ಮಗಳ ಮದುವೆ ದಿನವೇ ಬೇಕಿತ್ತಾ ಅವನಿಗೆ?”

“ನಿನ್ನ ಮಗಳೇ ಮಾರಾಯ.”

ಅವನು ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಮಗಳ ಹತ್ತಿರ ಹೊರಟ. ಮುಂದಿನದನ್ನು ನೋಡದೆ ಬಿಡುವವನು ನಾನಲ್ಲ, ಹಿಂದೆಯೇ ಹೋದೆ.

ಹುಯಾ ಮದುವೆಯ ಬಟ್ಟೆಗೆ ಅಂಚು ಹೊಲಿಯುತ್ತಿದ್ದಳು. “ನನ್ನ ಮಾತಲ್ಲಿ ನಂಬಿಕೆ ಇಲ್ಲ ಅಂತ ಹೇಳ್ಬಹುದಿತ್ತಲ್ಲ, ಮಗಳೇ?” ಎಂದ ಹೊಹೆಪಾ.

ಅವಳು ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿ, “ನಂಬಿಕೆ ಇದ್ದದ್ದಕ್ಕೇ ಕೇಳಿಟ್ಟೆ ಅಪ್ಪಾ. ಪ್ರತಿ ವರ್ಷ ಖಡಕ್ ಬಿಸಿಲು ಅಂತೀಯಲ್ಲ, ಅಜ್ಜಿಗೆ ನೆರಳು ಬೇಡ್ವಾ? ಶಾಮಿಯಾನ ಬಿಸಿಲಿಗೆ” ಎಂದಳು.

ಹಸಿ ಸುಳ್ಳು. ಅವನಿಗೂ ಗೊತ್ತು, ಅವಳಿಗೂ ಗೊತ್ತು. ಹೊಹೆಪಾ ಟೋಪಿ ನೆಟ್ಟಗೆ ಮಾಡಿಕೊಂಡು, “ಹಾಗಾದ್ರೆ ಸರಿ. ಬಿಸಿಲು ಜೋರೇ ಇರುತ್ತೆ” ಎಂದ.

ಮದುವೆಯ ದಿನ ಆಕಾಶ ಹರಿದುಕೊಂಡು ಬಿತ್ತು. ಹಂದಿಮಾಂಸ, ಗೆಣಸು ಬೇಯಲಿಟ್ಟ ಕಾದ ಕಲ್ಲಿನ ಗುಂಡಿಗೆ ನೀರು ನುಗ್ಗದಂತೆ ನಾವು ನಾಲ್ಕಾರು ಜನ ತಗಡು ಹಿಡಿದು ನಿಂತೆವು. ಹೊಹೆಪಾ ಮಳೆಕೋಟಿಲ್ಲದೆ ಶಾಮಿಯಾನದ ಬಾಗಿಲಲ್ಲಿ ನೆಂಟರನ್ನು ಎದುರುಗೊಳ್ಳುತ್ತಿದ್ದ. ರಿಪೆಕಾ ಕೂದಲು ಹಿಂಡುತ್ತಾ ಒಳಗೆ ಬಂದಳು. “ಅಬ್ಬಾ ಅಣ್ಣಾ, ಎಂಥಾ ಬಿಸಿಲೋ! ಮೈಯೆಲ್ಲಾ ಸುಟ್ಟುಹೋಯ್ತು!” ಅವಳ ಹಿಂದೆ ಬಂದವರೆಲ್ಲ ಅದೇ ರಾಗ ಹಾಡಿದರು.

ಊಟಕ್ಕೆ ಮೊದಲು ಅಪ್ಪ ನಾಲ್ಕು ಮಾತು ಆಡಬೇಕು. ಹೊಹೆಪಾ ಎದ್ದ. “ಒಂದು ಹನಿ ಬಿದ್ರೆ ಬಿಡ್ತೀನಿ ಅಂದಿದ್ದೆ. ಬಿದ್ದಿದೆ.”

“ಸಮುದ್ರದ ತುಂತುರು ಬಿಡೋ!” ಎಂದು ಹಿಂದಿನಿಂದ ಯಾರೋ ಕೂಗಿದರು. ಶಾಮಿಯಾನ ನಗೆಯಲ್ಲಿ ಅಲುಗಾಡಿತು.

“ಅಲ್ಲ. ಮಳೆ” ಎಂದ ಅವನು. ಅವನ ಬಾಯಲ್ಲಿ ಬೇಸಿಗೆಯಲ್ಲಿ ಆ ಮಾತು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. “ನನ್ನ ಹುಡುಗಿ ಇದನ್ನ ಚಳಿಗಾಲದಲ್ಲೇ ಕಂಡಿದ್ಲು. ನಾನು ಮರ ಮಾತ್ರ ನೋಡ್ದೆ, ಇವಳು ನನ್ನನ್ನೂ ನೋಡಿ ಲೆಕ್ಕ ಹಾಕಿದ್ಲು. ಇನ್ಮೇಲೆ ಇವಳನ್ನೇ ಕೇಳಿ.” ಅಷ್ಟು ಹೇಳಿ ಕೂತುಬಿಟ್ಟ. ಹುಯಾ ಅವನ ಒದ್ದೆ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ನನಗೂ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ.

ಈ ನವೆಂಬರಿನಲ್ಲೂ ಬಸ್ಸು ಮರದಡಿ ನಿಂತಿತು. ಹೊಹೆಪಾ ಇಳಿಯಲಿಲ್ಲ, ಸ್ಟೀರಿಂಗ್ ಹಿಡಿದು ಕೂತೇ ಇದ್ದ. ಹುಯಾ ಇಳಿದಳು. ಊರೆಲ್ಲ ಸುತ್ತ ನಿಂತಿತ್ತು. ಫ್ಯಾನಿನ ಎದುರಿನ ಅದೇ ಕೊಂಬೆ ಕೆಂಪಾಗಿತ್ತು. ಅವಳು ಥೇಟ್ ಅಪ್ಪನ ಹಾಗೆ ಸೊಂಟಕ್ಕೆ ಕೈಯಿಟ್ಟು ಮೇಲೆ ನೋಡಿದಳು, ಒಮ್ಮೆ ಮೂಗರಳಿಸಿ ಗಾಳಿ ಎಳೆದುಕೊಂಡಳು, ಮತ್ತೆ ಅಂಗಡಿಯ ಕಿಟಕಿಗೆ ತಿರುಗಿದಳು.

“ಅತ್ತೇ, ಮೊದಲು ಆ ಒಲೆ ಆರಿಸು.”