ಲವಿನಿಯಾ ಪರ್ಕಿಸ್‌ಳ ಮೂರು ಸಂಪುಟಗಳು

ಇಂಗ್ಲೆಂಡಿನ ನಮ್ಮ ನಾರ್ವಿಚ್ಚಿನ ಶಾಲಾ ಶಿಕ್ಷಕಿ ಲವಿನಿಯಾ ಪರ್ಕಿಸ್ ೧೮೮೫ರ ಮಾರ್ಚ್ ೯, ಸೋಮವಾರ, ತನ್ನ ಕಾದಂಬರಿಯನ್ನು ಪ್ರಕಾಶಕ ಟ್ಯಾಪ್‌ಸ್ಕಾಟನ ಮುಂದಿಟ್ಟಳು.

"ಇಷ್ಟು ತೆಳ್ಳಗಿದ್ರೆ ಫ್ರೆಂಚರು ಓದ್ತಾರೆ, ಮೇಡಂ. ನಮ್ಮ ಬಾಡಿಗೆ ಲೈಬ್ರರಿಗಳು ಒಂದೊಂದು ಸಂಪುಟವನ್ನೂ ಬೇರೆ ಬೇರೆ ಬಾಡಿಗೆಗೆ ಕೊಡ್ತವೆ, ಅವಕ್ಕೆ ಮೂರು ಸಂಪುಟವೇ ಬೇಕು. ಎರಡು ಮದುವೆ, ಒಬ್ಬ ಸೋದರಮಾವ, ಏನಾದ್ರೂ ತುಂಬಿಸಿ," ಎಂದನು.

ಆಕೆ ಒಂಬತ್ತು ವರ್ಷ ತುಂಬಿಸಿದಳು. ಹಳೆಯ ಹಾಳೆಗಳನ್ನು ಕತ್ತರಿಸಿ ಹೊಸವುಗಳ ನಡುವೆ ಅಂಟಿಸಿದಳು. ೧೮೯೪ರ ಜೂನ್ ೨೭ರಂದು ಲೈಬ್ರರಿಗಳು ಮೂರು ಸಂಪುಟಗಳಿಗೆ ಹಳೆಯ ಬೆಲೆ ಕೊಡೆವೆಂದು ಸಾರಿ ಆ ಪದ್ಧತಿಯನ್ನೇ ಮುಗಿಸಿದವು.

"ತುಂಬಿಸಿದ್ದನ್ನ ಕಿತ್ತುಹಾಕಿ, ಒಂದೇ ಸಂಪುಟ ಕೊಡಿ," ಎಂದನು ಟ್ಯಾಪ್‌ಸ್ಕಾಟ್.

ಜುಲೈ ಕೊನೆಗೆ ಆಕೆ ನೆರೆಮನೆಯ ನನ್ನನ್ನು ಕರೆದಳು.

"ಯಾವುದು ನಂದು, ಯಾವುದು ತುಂಬಿಸಿದ್ದು, ನನಗೇ ಗೊತ್ತಾಗ್ತಿಲ್ಲ ಮೇಷ್ಟ್ರೇ. ಆ ಸೋದರಮಾವನ್ನ ತೆಗೆದ್ರೆ ಉಳಿದೋರು ಮಾತೇ ಆಡೋಲ್ಲ."

ಓದಿ ನೋಡಿದೆ. ನನಗೂ ತಿಳಿಯಲಿಲ್ಲ. ೧೮೯೭ರ ಫೆಬ್ರವರಿ ೧೧ರಂದು ಆಕೆ ತೀರಿಕೊಂಡಾಗಲೂ ಕಾದಂಬರಿ ಅಚ್ಚಾಗಿರಲಿಲ್ಲ.